ರೋಮ್‌ಗೆ ಹೊರಡುವ ಮುನ್ನ: ಮೂರು ಟಿಕೆಟ್ ಕೈಗೆ ಬಂದರೆ ಉಳಿದದ್ದು ಸಲೀಸು

ರೋಮ್‌ನಲ್ಲಿ ಏನೇನು ನೋಡಬೇಕು ಅನ್ನುವ ಪಟ್ಟಿ ಮಾಡುವುದು ದೊಡ್ಡ ಕೆಲಸವಲ್ಲ. ಯಾವುದನ್ನು ಯಾವ ವಾರ, ಎಷ್ಟು ಗಂಟೆಗೆ ನೋಡಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುವುದು. ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಬೋರ್ಗೀಸೆ ಗ್ಯಾಲರಿ, ಈ ಮೂರರ ಸಮಯ ಗೊತ್ತಾಗುವವರೆಗೆ ಬೇರೇನನ್ನೂ ಗಟ್ಟಿ ಮಾಡಬೇಡಿ. ಮಿಕ್ಕ ಊರು ಯಾವಾಗ ಹೋದರೂ ಸಿಗುತ್ತದೆ.

ವಾರದ ದಿನಗಳಿಂದ ಶುರು ಮಾಡಿ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಿಗ್ಗೆ 9ರಿಂದ ಉಚಿತ ಪ್ರವೇಶ ಇರುತ್ತದೆ, ಮಧ್ಯಾಹ್ನ 12.30ರ ಮೇಲೆ ಒಳಗೆ ಬಿಡುವುದಿಲ್ಲ. ಆ ದಿನದ ಸಾಲು ನೋಡಿದರೆ ಉಚಿತ ಅನ್ನುವ ಪದದ ಮೇಲೇ ಬೇಸರ ಬರುತ್ತದೆ. ಬೋರ್ಗೀಸೆಗೆ ಸೋಮವಾರ ರಜೆ. ಪೋಪ್ ಊರಿನಲ್ಲಿದ್ದರೆ ಬುಧವಾರ ಬೆಳಿಗ್ಗೆ ಸಾರ್ವಜನಿಕ ದರ್ಶನವಿರುವುದರಿಂದ ವ್ಯಾಟಿಕನ್‌ನ ದೊಡ್ಡ ಚರ್ಚ್ ಸೇಂಟ್ ಪೀಟರ್ಸ್ ಬೆಸಿಲಿಕಾಕ್ಕೆ ಮಧ್ಯಾಹ್ನದವರೆಗೆ ಪ್ರವೇಶ ಸಿಗುವುದು ಕಷ್ಟ. ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಉಚಿತ. ಕೊಲೋಸಿಯಂ ಕೂಡ ಆ ಲೆಕ್ಕದಲ್ಲಿ ಬರುತ್ತದೆ, ಅದಕ್ಕೇ ಆ ದಿನ ಅತ್ತ ಸುಳಿಯಬೇಡಿ. ಇಷ್ಟು ಸೋಸಿದ ಮೇಲೆ ವ್ಯಾಟಿಕನ್‌ಗೆ ಉಳಿಯುವುದು ಮಂಗಳವಾರ, ಗುರುವಾರ, ಶುಕ್ರವಾರ. ಸೋಮವಾರ, ಶನಿವಾರ ತೆರೆದಿರುತ್ತದೆ, ಆದರೆ ಕಿಕ್ಕಿರಿದಿರುತ್ತದೆ. ಜೂನ್ 29 ರೋಮ್ ಊರಿಗೇ ಹಬ್ಬ, ಅಂದು ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ.

ಕೊಲೋಸಿಯಂ ಟಿಕೆಟ್ ಅಧಿಕೃತ ಜಾಲತಾಣದಲ್ಲಿ ಭೇಟಿಯ ದಿನಕ್ಕೆ 30 ದಿನ ಮುಂಚೆ ಮಾರಾಟಕ್ಕೆ ಬರುತ್ತದೆ. ಸಾಮಾನ್ಯ ಟಿಕೆಟ್ 18 ಯೂರೋ. ಪಕ್ಕದಲ್ಲೇ ಇರುವ ಪುರಾತನ ರೋಮ್‌ನ ಅವಶೇಷಗಳಾದ ಫೋರಂ ಮತ್ತು ಪ್ಯಾಲಟೈನ್ ಗುಡ್ಡ ಅದರಲ್ಲೇ ಸೇರಿವೆ, ಅವಧಿ 24 ಗಂಟೆ. ಗ್ಲಾಡಿಯೇಟರ್‌ಗಳು ಕಾದಾಡುತ್ತಿದ್ದ ಅಂಗಣಕ್ಕೋ ನೆಲಮಾಳಿಗೆಗೋ ಇಳಿಯಬೇಕೆಂದರೆ 24 ಯೂರೋದ ಟಿಕೆಟ್ ಬೇಕು, ಅದು ಎರಡು ದಿನ ನಡೆಯುತ್ತದೆ. ನೆಲಮಾಳಿಗೆಯದು ನೋಡುನೋಡುತ್ತಲೇ ಖಾಲಿಯಾಗುತ್ತದೆ. 2023ರ ಅಕ್ಟೋಬರ್‌ನಿಂದ ಪ್ರತಿ ಟಿಕೆಟ್ ಮೇಲೂ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿಯ ಜೊತೆ ತಾಳೆ ನೋಡುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಉದ್ದನೆಯ ಹೆಸರು, ಟಿಕೆಟ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಅಲ್ಲೇ ತಕರಾರು. ಆದ್ದರಿಂದ ತಾಣದಲ್ಲಿ ಖಾತೆ ಮೊದಲೇ ತೆರೆದಿಡಿ, ಎಲ್ಲರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಒಂದು ಕಡೆ ಟೈಪ್ ಮಾಡಿಟ್ಟುಕೊಳ್ಳಿ, ಮಾರಾಟ ತೆರೆದಾಗ ಅಂಟಿಸಿದರೆ ಸಾಕು. 18 ವರ್ಷದೊಳಗಿನವರಿಗೆ ಹಣವಿಲ್ಲ, ಟಿಕೆಟ್ ಮಾತ್ರ ಅವರಿಗೂ ಬೇಕು. ಅದನ್ನು ಮರೆತು ಮಗುವನ್ನು ಹೊರಗೆ ನಿಲ್ಲಿಸಿಕೊಂಡು ಪರದಾಡುವವರು ಕಡಿಮೆಯೇನಿಲ್ಲ.

‘ಸಾಲು ತಪ್ಪಿಸಿ’ ಎಂದು ಎರಡರಷ್ಟು ಬೆಲೆಗೆ ಮಾರುವವರಿಂದ ಕೊಂಡರೂ ಭದ್ರತಾ ತಪಾಸಣೆಯ ಸಾಲು ತಪ್ಪುವುದಿಲ್ಲ. ದೊಡ್ಡ ಬ್ಯಾಗು, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಬ್ಯಾಗು ಇಟ್ಟುಕೊಳ್ಳುವ ವ್ಯವಸ್ಥೆಯೂ ಅಲ್ಲಿಲ್ಲ, ಹಾಗಾಗಿ ಹೋಟೆಲ್ ಖಾಲಿ ಮಾಡಿದ ದಿನ ಸೂಟ್‌ಕೇಸ್ ಎಳೆದುಕೊಂಡು ನೇರ ಅಲ್ಲಿಗೆ ಹೋದರೆ ಕೆಟ್ಟಿತು. ಕೊಲೋಸಿಯಂಗೆ ಮಾತ್ರ ಸಮಯ ನಿಗದಿ. ಫೋರಂ ಮತ್ತು ಪ್ಯಾಲಟೈನ್‌ಗೆ ಅವಧಿಯೊಳಗೆ ಯಾವಾಗ ಬೇಕಾದರೂ ಹೋಗಬಹುದು, ಒಮ್ಮೆ ಹೊರಬಂದರೆ ಮತ್ತೆ ಒಳಗಿಲ್ಲ. ವಿಯಾ ದಿ ಸಾನ್ ಗ್ರೆಗೋರಿಯೊ ರಸ್ತೆಯ ಬಾಗಿಲಲ್ಲಿ ಜನ ಕಡಿಮೆ. ಅಲ್ಲಿಂದ ಹೊಕ್ಕರೆ ಕಾಲು ಸೋಲುವ ಮೊದಲೇ ಗುಡ್ಡ ಹತ್ತಿ, ಆಮೇಲೆ ಇಳಿಯುತ್ತ ಫೋರಂ ನೋಡಬಹುದು. ಫೋರಂನಲ್ಲಿ ನೆರಳು ತೀರಾ ಕಡಿಮೆ. ಜುಲೈನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಅಲೆದಾಡಿದರೆ ಮುಂದಿನ ಅರ್ಧ ದಿನ ಕೈಬಿಟ್ಟ ಹಾಗೆ.

ವ್ಯಾಟಿಕನ್ ಬೇರೆ ದೇಶವೇ ಆದರೂ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ. ಬಟ್ಟೆ ಮಾತ್ರ ನೋಡುತ್ತಾರೆ: ಭುಜ, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಅದೇ ನಿಯಮ. ಮ್ಯೂಸಿಯಂ ಟಿಕೆಟ್ 20 ಯೂರೋ, ಆನ್‌ಲೈನ್ ಕಾಯ್ದಿರಿಸಲು ಮೇಲೆ 5. ಹೊಸಬರು ತಪ್ಪುವುದು ಬಾಗಿಲಲ್ಲಿ. ಮ್ಯೂಸಿಯಂ ಬಾಗಿಲು ಇರುವುದು ಗೋಡೆಯ ಉತ್ತರಕ್ಕೆ, ವಿಯಾಲೆ ವ್ಯಾಟಿಕಾನೊ ರಸ್ತೆಯಲ್ಲಿ. ಸೇಂಟ್ ಪೀಟರ್ಸ್ ಚೌಕಕ್ಕೆ ಹೋಗಿ ನಿಂತರೆ ಗೋಡೆ ಸುತ್ತಿಕೊಂಡು ಕಾಲು ಗಂಟೆ ನಡೆಯಬೇಕು. ಮೆಟ್ರೋ ಎ ಮಾರ್ಗದಲ್ಲಿ ಒತ್ತಾವಿಯಾನೊ ಅಥವಾ ಚಿಪ್ರೊ ನಿಲ್ದಾಣದಲ್ಲಿ ಇಳಿಯಿರಿ.

ಒಳಗೆ ಹೊಕ್ಕ ಕೂಡಲೇ ಎಲ್ಲರೂ ಸಿಸ್ಟೀನ್ ಚಾಪೆಲ್ ಕಡೆ ಧಾವಿಸುತ್ತಾರೆ. ನೀವು ಮೊದಲು ಪಿನಕೊತೇಕ ಎಂಬ ಚಿತ್ರಶಾಲೆಗೆ ಹೋಗಿ. ರಾಫೆಲ್‌ನ ಕೊನೆಯ ದೊಡ್ಡ ಚಿತ್ರ, ಕ್ಯಾರವಾಜಿಯೊನ ‘ಸಮಾಧಿಗೆ ಇಳಿಸುವ ಕ್ರಿಸ್ತ’ ಎರಡೂ ಅಲ್ಲಿವೆ, ಜನ ಮಾತ್ರ ಬೆರಳೆಣಿಕೆ. ಚಾಪೆಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ಗೋಡೆಯುದ್ದಕ್ಕೂ ಇರುವ ಕಟ್ಟೆಯಲ್ಲಿ ಜಾಗ ತೆರವಾಗುವವರೆಗೆ ಕಾಯ್ದು ಕೂತುಬಿಡಿ. 1508ರಿಂದ 1512ರವರೆಗೆ ಮೈಕೆಲಾಂಜೆಲೊ ಬರೆದ ಮೇಲ್ಛಾವಣಿಯನ್ನು ನಿಂತು ನೋಡಿದರೆ ಐದು ನಿಮಿಷಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಬೆಸಿಲಿಕಾಕ್ಕೆ ಟಿಕೆಟ್ ಇಲ್ಲ, ತಪಾಸಣೆಯ ಸಾಲಿದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಾಲೇ ಇರುವುದಿಲ್ಲ ಎನ್ನಬಹುದು. ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್‌ಗೆ ಹೆಚ್ಚು ಹಣ ಕೊಟ್ಟರೂ 320 ಮೆಟ್ಟಿಲು ಹತ್ತಲೇಬೇಕು, ಅದೂ ಗುಮ್ಮಟದ ಬಾಗಿನ ಜೊತೆಗೇ ವಾಲಿಕೊಂಡು ಸಾಗುವ ಇಕ್ಕಟ್ಟು ದಾರಿ. ನಡುವೆ ಹಿಂದಿರುಗಲು ಜಾಗವಿಲ್ಲ. ಮಂಡಿನೋವು, ಏದುಸಿರು ಇರುವವರು ಕೆಳಗೇ ಉಳಿಯುವುದು ಒಳ್ಳೆಯದು.

ಬೋರ್ಗೀಸೆಗೆ ಕಾಯ್ದಿರಿಸದೆ ಹೋಗಲೇಬಾರದು. ಎರಡೆರಡು ಗಂಟೆಯ ಪಾಳಿ, ಮುಗಿದ ಕೂಡಲೇ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಮೊದಲ ಒಂದು ಗಂಟೆ ಕೆಳ ಅಂತಸ್ತಿನ ಬೆರ್ನಿನಿ ಶಿಲ್ಪಗಳಿಗೇ ಕೊಡಿ. ಗ್ರೀಕ್ ಪುರಾಣದ ಅಪೊಲೊ ಮುಟ್ಟಿದ ಕೂಡಲೇ ಡಾಫ್ನೆಯ ಬೆರಳ ತುದಿ ಎಲೆಯಾಗುತ್ತಿರುವ ಶಿಲ್ಪವನ್ನು ಸುತ್ತುಹಾಕಿ ನೋಡಿ, ಅಮೃತಶಿಲೆಯನ್ನು ಅಷ್ಟು ತೆಳುವಾಗಿ ಕೆತ್ತಿದ್ದು ಹಿಂಬದಿಯಿಂದಲೇ ಚೆನ್ನಾಗಿ ಕಾಣುವುದು.

ಪುರಾತನ ರೋಮನ್ ದೇಗುಲವಾದ ಪ್ಯಾಂಥಿಯನ್‌ಗೆ 2023ರ ಜುಲೈನಿಂದ 5 ಯೂರೋ ಟಿಕೆಟ್. ಮಳೆ ಬಂದರೆ ಬೇಸರಪಡದೆ ಅತ್ತ ನಡೆಯಿರಿ: ಗುಮ್ಮಟದ ನೆತ್ತಿಯ ಸುಮಾರು 9 ಮೀಟರ್ ಅಗಲದ ತೆರೆದ ಕಿಂಡಿಯಿಂದ ಮಳೆ ನೇರ ಒಳಗೆ ಬೀಳುತ್ತದೆ, ನೆಲದಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಸಣ್ಣ ಚರ್ಚ್‌ಗಳು ಬಹುಮಟ್ಟಿಗೆ ಮಧ್ಯಾಹ್ನ ಸುಮಾರು ಮೂರು ತಾಸು ಮುಚ್ಚಿರುತ್ತವೆ. ಕ್ಯಾರವಾಜಿಯೊನ ಮೂರು ಚಿತ್ರಗಳಿರುವ ಸಾನ್ ಲುಯಿಜಿ ದೇಯಿ ಫ್ರಾಂಚೇಸಿಯನ್ನು ಬೆಳಿಗ್ಗೆಯೇ ಮುಗಿಸಿ.

ಫ್ಯೂಮಿಚೀನೊ ವಿಮಾನ ನಿಲ್ದಾಣದಿಂದ ಊರಿನ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷ, 14 ಯೂರೋ. ನಿಮ್ಮ ವಸತಿ ತ್ರಾಸ್ತೆವೆರೆ ಬಡಾವಣೆಯ ಕಡೆಗಿದ್ದರೆ ಅದು ವ್ಯರ್ಥ. 8 ಯೂರೋದ ಎಫ್‌ಎಲ್1 ರೈಲು ತ್ರಾಸ್ತೆವೆರೆ ನಿಲ್ದಾಣದಲ್ಲೇ ನಿಲ್ಲುತ್ತದೆ, ತೆರ್ಮಿನಿಗೆ ಹೋಗುವುದೇ ಇಲ್ಲ. ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಟಿಕೆಟ್ ಇದ್ದೂ ದಂಡ ಕಟ್ಟುವವರು ಇಲ್ಲೇ ಸಿಕ್ಕಿಬೀಳುವುದು. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿ ಲೆಕ್ಕಕ್ಕೆ ಬರುತ್ತದೆ. ಔರೇಲಿಯನ್ ಗೋಡೆಯೊಳಗಿನ ಹಳೆ ಊರಿಗೆ ನಿಗದಿತ ದರವಿದೆ, ಬಿಳಿ ಟ್ಯಾಕ್ಸಿಗಳ ಬಾಗಿಲ ಮೇಲೆ ಅದು ಬರೆದಿರುತ್ತದೆ. ಹತ್ತುವ ಮೊದಲೇ ಬೆರಳಿಟ್ಟು ತೋರಿಸಿ ಖಚಿತ ಮಾಡಿಕೊಳ್ಳಿ.

ಊರೊಳಗಿನ ಬಸ್, ಮೆಟ್ರೋಗೆ 1.50 ಯೂರೋದ ಟಿಕೆಟ್ 100 ನಿಮಿಷ ನಡೆಯುತ್ತದೆ, ಆದರೆ ಅದರಲ್ಲಿ ಮೆಟ್ರೋ ಒಂದೇ ಸಲ. ಕಾರ್ಡ್ ತಾಗಿಸಿಯೂ ಹೋಗಬಹುದು, ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಇರಬೇಕು. ಕಾರ್ಡನ್ನೊಮ್ಮೆ, ಅದೇ ಕಾರ್ಡ್ ಹಾಕಿದ ಫೋನನ್ನೊಮ್ಮೆ ತಾಗಿಸಿದರೆ ಯಂತ್ರಕ್ಕೆ ಅವು ಇಬ್ಬರು ಪ್ರಯಾಣಿಕರು. ಮೆಟ್ರೋ ಎ ಮಾರ್ಗ, ತೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಬಸ್ಸು ಎರಡೂ ಜೇಬುಗಳ್ಳರಿಗೆ ಪ್ರಿಯ. ಬಾಗಿಲು ಮುಚ್ಚುವ ಕ್ಷಣದಲ್ಲಿ ಕೈ ಹಾಕಿ ಇಳಿದುಬಿಡುತ್ತಾರೆ, ಆದ್ದರಿಂದ ಬಾಗಿಲ ಬಳಿ ನಿಲ್ಲಬೇಡಿ.

ವಸತಿಗೆ ಪ್ರಾತಿ ಅಥವಾ ಮೊಂತಿ ಬಡಾವಣೆ ನನ್ನ ಆಯ್ಕೆ. ತೆರ್ಮಿನಿ ಸುತ್ತಮುತ್ತ ಅನುಕೂಲ ಹೆಚ್ಚು, ಚೆಲುವು ಕಡಿಮೆ. ತ್ರಾಸ್ತೆವೆರೆ ಚೆಂದ, ಆದರೆ ರಾತ್ರಿ ಗದ್ದಲ, ಜೊತೆಗೆ ಕಲ್ಲುಹಾಸಿನ ಬೀದಿಯಲ್ಲಿ ಸೂಟ್‌ಕೇಸ್ ಗಾಲಿ ಮುರಿಯುವ ಭಯ. ಬುಕಿಂಗ್‌ನಲ್ಲಿ ಕಾಣುವ ಬೆಲೆಯ ಮೇಲೆ ಪ್ರವಾಸಿ ತೆರಿಗೆ ಬೇರೆ ಬೀಳಬಹುದು. ಹೋಟೆಲ್ ದರ್ಜೆ ನೋಡಿಕೊಂಡು ತಲೆಗೆ, ರಾತ್ರಿಗೆ ಲೆಕ್ಕ ಹಾಕುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ನೀರು ಕೊಳ್ಳಬೇಡಿ. ಬೀದಿಬೀದಿಯಲ್ಲಿ ನಸೋನಿ ಎಂಬ ಕಬ್ಬಿಣದ ಕಂಬದ ನಲ್ಲಿಗಳಿವೆ, ಹಗಲೂ ರಾತ್ರಿ ಹರಿಯುವ ಕುಡಿಯುವ ನೀರು. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಸಸ್ಯಾಹಾರಿಗಳು ಕಾರ್ಬೊನಾರಾ, ಅಮಾತ್ರಿಚಾನಾ ಪಾಸ್ತಾ ಎರಡನ್ನೂ ಬಿಡಬೇಕು, ಎರಡರಲ್ಲೂ ಹಂದಿಯ ಕೆನ್ನೆಮಾಂಸ ಇರುತ್ತದೆ. ಕಾಚೊ ಎ ಪೆಪೆ ಪಾಸ್ತಾದಲ್ಲಿ ಮಾಂಸವಿಲ್ಲ, ಆದರೆ ಅದರ ಪೆಕೊರಿನೊ ಚೀಸನ್ನು ಕುರಿಮರಿಯ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರಿಗೆ ಚೀಸ್ ಇಲ್ಲದ ಮರಿನಾರಾ ಪಿಜ್ಜಾ ನಿಶ್ಚಿಂತೆ. ತುಂಡು ಪಿಜ್ಜಾ ತೂಕದ ಲೆಕ್ಕದಲ್ಲಿ ಮಾರುತ್ತಾರೆ, ಫಲಕದ ಬೆಲೆ ಕೆಲವು ಕಡೆ ನೂರು ಗ್ರಾಂಗೆ, ಕೆಲವು ಕಡೆ ಕಿಲೋಗೆ.

ಹೊರಡುವ ವಾರ ‘ಶೋಪೆರೊ’, ಅಂದರೆ ಮುಷ್ಕರ, ಇದೆಯೇ ನೋಡಿ. ಶುಕ್ರವಾರವೇ ಹೆಚ್ಚು. ಮುಷ್ಕರದ ದಿನವೂ ಊರ ಸಾರಿಗೆ ಸಾಮಾನ್ಯವಾಗಿ ಬೆಳಿಗ್ಗೆ 8.30ರವರೆಗೆ, ಸಂಜೆ 5ರಿಂದ 8ರವರೆಗೆ ಓಡುತ್ತದೆ. ಆ ದಿನಕ್ಕೆ ವ್ಯಾಟಿಕನ್ ಟಿಕೆಟ್ ಇದ್ದರೆ ಎಂಟೂವರೆಯೊಳಗೆ ಮೆಟ್ರೋ ಹಿಡಿದು ಅತ್ತ ಹೋಗಿಬಿಡಿ, ವಾಪಸಾಗುವುದನ್ನು ಐದರ ಮೇಲೆ ಇಟ್ಟುಕೊಳ್ಳಿ.