ಚೀನಾ ಟೂರ್ ಕೈಕೊಡುವುದು ಹೆಸರಿನಲ್ಲಿ

ಚೀನಾಕ್ಕೆ ಗ್ರೂಪ್ ಕಳಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಹೆದರುವುದು ಭಾಷೆಗೆ ಮತ್ತು ಊಟಕ್ಕೆ. ಅವೆರಡಕ್ಕೂ ದಾರಿ ಇದೆ. ಪ್ರವಾಸ ನಿಜವಾಗಿ ಕೆಡುವುದು ಹೆಸರಿನಿಂದ: ಪಾಸ್‌ಪೋರ್ಟಿನಲ್ಲಿರುವ ಹೆಸರು, ಊರಿನ ಹೆಸರು, ರೈಲು ನಿಲ್ದಾಣದ ಹೆಸರು.

ಪಾಸ್‌ಪೋರ್ಟಿನಿಂದ ಶುರು ಮಾಡೋಣ. ಅಲ್ಲಿ ರೈಲಿನ ಟಿಕೆಟ್ಟಾಗಲಿ, ದೊಡ್ಡ ಸ್ಮಾರಕಗಳ ಟಿಕೆಟ್ಟಾಗಲಿ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತದೆ. ಗೇಟಿನಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ಸಾಮಾನ್ಯ. ಇನಿಶಿಯಲ್ ಬಿಡಿಸಿದಾಗ ಊರಿನ ಹೆಸರು, ಅಪ್ಪನ ಹೆಸರು ಎಲ್ಲವೂ ಗಿವನ್ ನೇಮ್‌ನಲ್ಲೇ ಸೇರಿಕೊಂಡಿರುತ್ತವೆ. ಸರ್‌ನೇಮ್ ತುಂಬದಿದ್ದರೆ ಎಷ್ಟೋ ಬುಕಿಂಗ್ ಫಾರಂಗಳು ಮುಂದಕ್ಕೇ ಹೋಗವು. ಆಗ ಒಬ್ಬರು ಅದೇ ಹೆಸರನ್ನು ಎರಡು ಸಲ ಹಾಕುತ್ತಾರೆ, ಇನ್ನೊಬ್ಬರು ಎಫ್‌ಎನ್‌ಯು (‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ತುಂಬುತ್ತಾರೆ, ಮತ್ತೊಬ್ಬರು ಆಧಾರ್ ನೋಡಿಕೊಂಡು ಇನಿಶಿಯಲ್ ಬರೆಯುತ್ತಾರೆ. ಒಬ್ಬನೇ ಮನುಷ್ಯ ವಿಮಾನದಲ್ಲಿ ಒಬ್ಬ, ರೈಲಿನಲ್ಲಿ ಇನ್ನೊಬ್ಬ ಆಗುವುದು ಹೀಗೆ.

ಇದಕ್ಕೆ ಇರುವ ಮದ್ದು ಒಂದೇ. ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳ ಜೊತೆ ಎರಡು ಸಾಲು ಅಕ್ಷರ ಇರುತ್ತವಲ್ಲ, ಹೆಸರನ್ನು ಅಲ್ಲಿಂದಲೇ ಎತ್ತಿ ಒಂದು ಮಾಸ್ಟರ್ ಶೀಟ್ ಮಾಡಿ. ವೀಸಾ, ವಿಮಾನ, ರೂಮಿಂಗ್ ಲಿಸ್ಟ್ (ಹೋಟೆಲಿನಲ್ಲಿ ಯಾರಿಗೆ ಯಾವ ರೂಮು ಎಂಬ ಪಟ್ಟಿ), ರೈಲು ಎಲ್ಲವೂ ಅದೇ ಶೀಟಿನಿಂದ ಕಾಪಿ ಆಗಬೇಕು. ಯಾರೂ ಕೈಯಲ್ಲಿ ಟೈಪ್ ಮಾಡಬಾರದು. ನಂಬರಿನ ತಪ್ಪು ಹಿಡಿಯಲು ಇನ್ನೊಂದು ಸುಲಭದ ಉಪಾಯ: ಭಾರತದ ಪಾಸ್‌ಪೋರ್ಟ್ ನಂಬರ್ ಎಂದರೆ ಒಂದು ಅಕ್ಷರ, ಆಮೇಲೆ 7 ಅಂಕಿ. ಎರಡನೆಯ ಸ್ಥಾನದಿಂದ ಮುಂದೆ ಎಲ್ಲಾದರೂ ‘ಓ’ ಅಕ್ಷರ ಕಂಡರೆ ಅದು ಸೊನ್ನೆ. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದು ಹೊಸದು ಬಂದಿದ್ದರೆ ಎರಡನ್ನೂ ಒಯ್ಯಲು ಹೇಳಿ, ಟಿಕೆಟ್‌ಗಳನ್ನು ಮಾತ್ರ ಹೊಸ ನಂಬರಿನಲ್ಲಿ ಮಾಡಿಸಿ.

ಬೀಜಿಂಗಿನ ಫರ್ಬಿಡನ್ ಸಿಟಿಯಲ್ಲಿ ಇದರ ಪರೀಕ್ಷೆ ಆಗುತ್ತದೆ. 1420ರಲ್ಲಿ ಕಟ್ಟಿ ಮುಗಿಸಿದ ಈ ಅರಮನೆ ಬುಕಿಂಗ್‌ನಲ್ಲಿ ‘ಪ್ಯಾಲೇಸ್ ಮ್ಯೂಸಿಯಂ’ ಎಂದು ಕಾಣಿಸುತ್ತದೆ. ‘ಸಮ್ಮರ್ ಪ್ಯಾಲೇಸ್’ ಊರಿನ ವಾಯವ್ಯಕ್ಕಿರುವ ಬೇರೆಯದೇ ಜಾಗ. ಎರಡನ್ನೂ ಒಂದೇ ಎಂದುಕೊಂಡು ಟಿಕೆಟ್ ತೆಗೆದವರಿಗೆ ಗೇಟಿನಲ್ಲಿ ಉಪಾಯವಿಲ್ಲ. ಟಿಕೆಟ್ ಬಿಡುವುದು 7 ದಿನ ಮೊದಲು, ಬೀಜಿಂಗ್ ಸಮಯ ರಾತ್ರಿ 8ಕ್ಕೆ. ನಮ್ಮ ಸಂಜೆ 5.30. ದೊಡ್ಡ ರಜೆಗಳನ್ನು ಬಿಟ್ಟರೆ ಸೋಮವಾರ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಐಟಿನರಿಯಲ್ಲಿ ಬೀಜಿಂಗಿಗೆ ಕನಿಷ್ಠ ಎರಡು ‘ಅರಮನೆಯ ದಿನ’ ಇಟ್ಟು, ಟಿಕೆಟ್ ಸಿಕ್ಕ ದಿನ ನೋಡಿಕೊಂಡು ಚೀನಾದ ಮಹಾಗೋಡೆ ನೋಡುವ ದಿನವನ್ನು ಅತ್ತಿತ್ತ ಸರಿಸುವುದು ಜಾಣತನ. ಒಳಗೆ ಹೋಗುವುದು ದಕ್ಷಿಣದ ವೂಮೆನ್ ಬಾಗಿಲಲ್ಲಿ, ಹೊರಬರುವುದು ಉತ್ತರದಲ್ಲಿ ಅಥವಾ ಪೂರ್ವದಲ್ಲಿ. ಇಳಿಸಿದ ಜಾಗದಲ್ಲೇ ಬಸ್ ಕಾಯುತ್ತದೆ ಎಂದು ಹಿರಿಯರಿಗೆ ಅಪ್ಪಿತಪ್ಪಿಯೂ ಹೇಳಬೇಡಿ. ತಿಯಾನನ್‌ಮೆನ್ ಚೌಕಕ್ಕೆ ಬೇರೆಯದೇ ಕಾಯ್ದಿರಿಸುವಿಕೆ ಬೇಕು. ಅರಮನೆಯ ಟಿಕೆಟ್ ಇದ್ದರೆ ಚೌಕಕ್ಕೂ ಬಿಡುತ್ತಾರೆ ಎಂಬ ಲೆಕ್ಕ ತಪ್ಪು.

ಇನ್ನು ಊರಿನ ಹೆಸರು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದವೇ ಬೇರೆ, ಇಂಗ್ಲಿಷ್ ಕಾಗುಣಿತದಲ್ಲಿ ಅದು ಕಾಣುವುದಿಲ್ಲ. ಪಿಂಗ್ಯಾವ್ ಎಂಬ ಕೋಟೆಪಟ್ಟಣ ಇರುವುದು ಶಾನ್‌ಶಿ ಪ್ರಾಂತ್ಯದಲ್ಲಿ, ಮಣ್ಣಿನ ಸೈನಿಕರಿರುವ ಶಿಯಾನ್ ಪಕ್ಕದ ಇನ್ನೊಂದು ಶಾನ್‌ಶಿಯಲ್ಲಿ. ಗುರುತಿಗೆಂದು ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚು ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಪಿಂಗ್ಯಾವ್‌ಗೆ ಎರಡು ನಿಲ್ದಾಣ: ಕೋಟೆಯ ಹತ್ತಿರ ಇರುವುದು ಹಳೆಯ ನಿಧಾನ ರೈಲಿನದು, ಬುಲೆಟ್ ರೈಲು ನಿಲ್ಲುವುದು ಊರಾಚೆಯ ಪಿಂಗ್ಯಾವ್ ಗುಚೆಂಗ್‌ನಲ್ಲಿ. ಫೂಜಿಯಾನ್ ಪ್ರಾಂತ್ಯದ ಮಣ್ಣಿನ ಕೋಟೆಮನೆಗಳಿರುವ ತಾಲ್ಲೂಕಿನ ಹೆಸರು ನಾನ್‌ಜಿಂಗ್. ದೊಡ್ಡ ನಗರ ನಾನ್‌ಜಿಂಗ್ ಅಲ್ಲಿಂದ ನೂರಾರು ಕಿಲೋಮೀಟರ್ ದೂರ, ಇಂಗ್ಲಿಷಿನಲ್ಲಿ ಅದೇ ಕಾಗುಣಿತ. ಹುವಾಂಗ್‌ಶಾನ್ ಕಥೆ ಇನ್ನೂ ಗೋಜಲು. ಬೆಟ್ಟಕ್ಕೂ ಅದೇ ಹೆಸರು, 1987ರಲ್ಲಿ ಹೆಸರು ಬದಲಿಸಿಕೊಂಡ ನಗರಕ್ಕೂ ಅದೇ, ಆ ನಗರದೊಳಗಿನ ಒಂದು ಜಿಲ್ಲೆಗೂ ಅದೇ. ‘ಹುವಾಂಗ್‌ಶಾನ್ ಹೋಟೆಲ್’ ಎಂದು ಬುಕ್ ಮಾಡಿದವರು ಬೆಟ್ಟದ ಬುಡದ ತಾಂಗ್‌ಕೋ ಬದಲು ತುನ್‌ಶಿ ಪಟ್ಟಣದಲ್ಲಿ ಇಳಿಯುತ್ತಾರೆ, ಬೆಳಗಿನ ಕೇಬಲ್ ಕಾರ್ ತಪ್ಪಿಸಿಕೊಳ್ಳುತ್ತಾರೆ. ಲ್ಯಾಂಡ್ ಏಜೆಂಟ್ (ಅಲ್ಲಿ ಬಸ್ಸು, ಹೋಟೆಲ್, ಗೈಡ್ ನೋಡಿಕೊಳ್ಳುವ ಸ್ಥಳೀಯ ಏಜೆಂಟ್) ಹತ್ತಿರ ಪ್ರತಿ ಹೋಟೆಲ್, ನಿಲ್ದಾಣ, ಬಾಗಿಲಿನ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡೇ ವೌಚರ್ ಕೊಡಿ. ಡ್ರೈವರಿಗೆ ತೋರಿಸಬೇಕಾದ್ದು ಅದನ್ನೇ.

ಹುವಾಂಗ್‌ಶಾನ್ ಬೆಟ್ಟದ ಕಡೆಗೆ ಹೋದವರು ಹೊಂಗ್‌ತ್ಸುನ್ ಹಳ್ಳಿಯನ್ನು ‘ಎರಡು ಗಂಟೆಯ ಸ್ಟಾಪ್’ ಮಾಡುವುದು ನಮ್ಮ ವ್ಯಾಪಾರದ ಹಳೆಯ ಕೆಟ್ಟ ಚಾಳಿ. ಹೊಂಗ್‌ತ್ಸುನ್ ಮತ್ತು ಶೀಡಿ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳ್ಳಿಗಳು. ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬಸ್ಸುಗಳ ಜನವೇ ತುಂಬಿರುತ್ತದೆ. ಕೆರೆಯಲ್ಲಿ ಮನೆಗಳ ಪ್ರತಿಬಿಂಬ ನಿಚ್ಚಳವಾಗಿ ಬೀಳುವುದು ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತಿನಲ್ಲಿ. ಒಂದು ರಾತ್ರಿ ಒಳಗೇ ಉಳಿಸಿ. ಓಣಿಗಳು ಕಲ್ಲುಹಾಸಿನವು, ಬಸ್ ಒಳಗೆ ಬರುವುದಿಲ್ಲ, ದೊಡ್ಡ ಸೂಟ್‌ಕೇಸಿನ ಚಕ್ರ ಅಲ್ಲಿ ನಿಲ್ಲುವುದಿಲ್ಲ. ಹಿಂದಿನ ದಿನವೇ ಒಂದು ರಾತ್ರಿಯ ಸಾಮಾನನ್ನು ಸಣ್ಣ ಬ್ಯಾಗಿಗೆ ಹಾಕಿಸಿ, ದೊಡ್ಡದನ್ನು ಬಸ್ಸಿನಲ್ಲೇ ಬಿಡಿಸಿ. ಹೋಮ್‌ಸ್ಟೇ ಬುಕ್ ಮಾಡುವ ಮೊದಲು ವಿದೇಶಿ ಪಾಸ್‌ಪೋರ್ಟ್‌ಗಳನ್ನು ಪೊಲೀಸ್ ವ್ಯವಸ್ಥೆಯಲ್ಲಿ ನೋಂದಾಯಿಸಿ ರೂಢಿ ಇದೆಯೇ ಎಂದು ಬರಹದಲ್ಲಿ ಕೇಳಿ. ರೂಢಿ ಇಲ್ಲದ ಮನೆಯವರು ರಾತ್ರಿ 9ಕ್ಕೆ ಬಾಗಿಲಲ್ಲಿ ಕೈಚೆಲ್ಲುತ್ತಾರೆ.

ಏನು ತೋರಿಸಬೇಕು ಎನ್ನುವುದೂ ಮುಖ್ಯ. ಹಳ್ಳಿಯ ವಿನ್ಯಾಸ ಎತ್ತಿನ ಹಾಗೆ: ನಡುವಿನ ಅರ್ಧಚಂದ್ರದ ಕೊಳ ಹೊಟ್ಟೆ, ಓಣಿಗಳಲ್ಲಿ ಮನೆ ಬಾಗಿಲ ಮುಂದೆ ಹರಿಯುವ ಕಾಲುವೆ ಕರುಳು. ಕಾಲುವೆಯ ನೀರು ಹರಿಯುವ ದಿಕ್ಕನ್ನೇ ಹಿಡಿದು ನಡೆಸಿದರೆ ಗೈಡ್ ಬಾಯಿಪಾಠ ಒಪ್ಪಿಸಬೇಕಾಗಿಲ್ಲ. ಮನೆಯೊಳಗೆ ಕರೆದುಕೊಂಡು ಹೋದಾಗ ನಮ್ಮವರಿಗೆ ‘ಸ್ಕೈ ವೆಲ್’ ಎಂದು ವಿವರಿಸುವುದು ಬೇಡ, ತೊಟ್ಟಿಮನೆ ಎಂದರೆ ಸಾಕು. ನಾಲ್ಕೂ ಸೂರಿನ ಮಳೆನೀರು ನಡುವಿನ ಚೌಕಕ್ಕೆ ಬೀಳುತ್ತದೆ. ನೀರನ್ನು ಸಂಪತ್ತು ಎಂದು ಬಗೆದ ವರ್ತಕರು ಅದು ಹೊರಗೆ ಹರಿಯದಂತೆ ಕಟ್ಟಿಸಿದರು. ಹೊರಗೋಡೆ ಎತ್ತರ, ಕಿಟಕಿ ಪುಟ್ಟದು. ಮೆಟ್ಟಿಲಿನಂತೆ ಮಾಡಿಗಿಂತ ಮೇಲೆದ್ದ ಗೋಡೆ ಬರೀ ಅಲಂಕಾರವಲ್ಲ, ಪಕ್ಕದ ಮನೆಯ ಬೆಂಕಿ ದಾಟದಿರಲೆಂದು ಕಟ್ಟಿದ್ದು.

ತುಲೋ ಎಂದು ಕರೆಯುವ ಫೂಜಿಯಾನಿನ ಆ ಮಣ್ಣಿನ ಕೋಟೆಮನೆಗಳಲ್ಲಿ ಎಚ್ಚರ ಬೇರೆ ಬಗೆಯದು. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ 46 ಕಟ್ಟಡಗಳಲ್ಲಿ ಹಲವು ಈಗಲೂ ಸಂಸಾರಗಳಿರುವ ಮನೆಗಳು. ಕೆಳಗೆ ಅಡುಗೆಮನೆ, ಮೊದಲ ಮಹಡಿಯಲ್ಲಿ ಕಣಜ, ಮೇಲೆ ಮಲಗುವ ಕೋಣೆ. ಒಂದೊಂದು ಕುಟುಂಬದ ಪಾಲು ಕೆಳಗಿನಿಂದ ಮೇಲಿನವರೆಗೆ ನೇರವಾಗಿ ಸಾಗುತ್ತದೆ. ಮೇಲಿನ ಮಹಡಿಗೆ ಎಷ್ಟೋ ಕಡೆ ಬಿಡುವುದಿಲ್ಲ. ‘ಮೇಲಿಂದ ಫೋಟೋ ತೆಗೆಯಬಹುದು’ ಎಂದು ಬ್ರೋಷರಿನಲ್ಲಿ ಅಚ್ಚು ಹಾಕಿದರೆ ಗಲಾಟೆ ಖಾತ್ರಿ. ಮೇಲಿಂದ ನೋಡುವುದೇ ಆಸೆಯಾದರೆ ತಿಯಾನ್‌ಲೊಕೆಂಗ್‌ಗೆ ಕರೆದೊಯ್ಯಿರಿ. ನಡುವೆ ಚೌಕದ್ದೊಂದು, ಸುತ್ತ ದುಂಡನೆಯವು ಮೂರು, ಅಂಡಾಕಾರದ್ದೊಂದು. ಗುಡ್ಡದ ಮೇಲಿನ ಕಟ್ಟೆಯಿಂದ ಐದೂ ಒಟ್ಟಿಗೆ ಕಾಣುತ್ತವೆ.

ತಾರೀಖಿನ ವಿಷಯದಲ್ಲಿ ನಮಗೆ ಒಂದು ದುರದೃಷ್ಟ ಅಂಟಿದೆ. ದಸರಾ ರಜೆ ಮತ್ತು ಅಕ್ಟೋಬರ್ 1ರಿಂದ ಶುರುವಾಗುವ ಚೀನಾದ ರಾಷ್ಟ್ರೀಯ ದಿನದ ರಜೆ ಎಷ್ಟೋ ವರ್ಷ ಒಂದರ ಮೇಲೊಂದು ಬೀಳುತ್ತವೆ. 2025ರಲ್ಲಿ ವಿಜಯದಶಮಿ ಬಂದದ್ದೇ ಅಕ್ಟೋಬರ್ 2ಕ್ಕೆ. ಆ ವಾರ ಇಡೀ ಚೀನಾ ರಸ್ತೆಯಲ್ಲಿರುತ್ತದೆ, ಬುಲೆಟ್ ರೈಲಿನ ಟಿಕೆಟ್ 15 ದಿನ ಮೊದಲು ತೆರೆದ ಕೂಡಲೇ ಖಾಲಿ. ಬೇಸಿಗೆ ರಜೆಯ ಗ್ರೂಪಿಗೂ ಮೇ 1ರ ವಾರ ಬೇಡ. ಏಪ್ರಿಲ್ ನಡುವಿನಲ್ಲಿ ಕಳಿಸಿ.

ಹಣ: ಯುಪಿಐ ಅಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಹಣ ಕೊಡಲು ಬಳಸುವ ಅಲಿಪೇ ಆ್ಯಪಿಗೆ ವೀಸಾ ಕಂಪನಿಯ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ದೃಢೀಕರಣವನ್ನು ಇಲ್ಲೇ ಮುಗಿಸಿ. ಓಟಿಪಿ ಬರುವುದು ನಮ್ಮ ನಂಬರಿಗೆ, ಹಾಗಾಗಿ ರೋಮಿಂಗ್ ಬೇಕೇ ಬೇಕು. ಅದೇ ರೋಮಿಂಗ್‌ನಲ್ಲಿ ವಾಟ್ಸ್‌ಆ್ಯಪ್ ಕೂಡ ನಡೆಯುತ್ತದೆ, ಹೋಟೆಲ್ ವೈಫೈನಲ್ಲಿ ನಡೆಯುವುದಿಲ್ಲ. ದೇಶದೊಳಗಿನ ವಿಮಾನ ಇದ್ದರೆ ಪವರ್ ಬ್ಯಾಂಕ್ ಮೇಲೆ ಚೀನಾದ ಸುರಕ್ಷತಾ ಗುರುತಾದ 3ಸಿ ಮುದ್ರೆ ಇರಬೇಕು. 2025ರ ಜೂನ್ 28ರಿಂದ ಅದಿಲ್ಲದವನ್ನು ತಪಾಸಣೆಯಲ್ಲಿ ತಡೆಯುತ್ತಾರೆ.

ಊಟಕ್ಕೆ ‘ವೆಜಿಟೇರಿಯನ್’ ಎಂದು ಹೇಳಿಸಿದರೆ ಸೊಪ್ಪಿನ ಪಲ್ಯ ಬರುತ್ತದೆ, ಹಂದಿ ಕೊಬ್ಬಿನಲ್ಲಿ ಹುರಿದು, ಮೇಲೆ ಕೋಳಿಸಾರಿನ ಪುಡಿ ಉದುರಿಸಿ. ತೋಫು, ಬೀನ್ಸ್ ಪಲ್ಯಕ್ಕೆ ಕೊಚ್ಚಿದ ಮಾಂಸ ಹಾಕುವುದೂ ಅಲ್ಲಿ ಮಾಮೂಲು. ಒಂದು ಊಟದ ಕಾರ್ಡಿನಲ್ಲಿ ‘ಚೀ ಸು’ (ಸಸ್ಯಾಹಾರ ತಿನ್ನುತ್ತೇವೆ) ಎಂಬ ಒಂದು ಮಾತಿನ ಕೆಳಗೆ ಹಂದಿ ಕೊಬ್ಬು, ಕೋಳಿ ಪುಡಿ, ಮಾಂಸದ ಸಾರು, ಆಯ್‌ಸ್ಟರ್ ಸಾಸ್, ಮೊಟ್ಟೆ ಇವನ್ನು ಒಂದೊಂದಾಗಿ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿ, ಟೇಬಲ್ಲಿಗೊಂದರಂತೆ ಕೊಡಿ. ಈರುಳ್ಳಿ ಬೆಳ್ಳುಳ್ಳಿಯೂ ತಿನ್ನದವರಿದ್ದರೆ ಬೌದ್ಧ ದೇವಾಲಯಗಳ ಊಟದಮನೆ ಹುಡುಕಿ. ಅಲ್ಲಿನ ಭಿಕ್ಷುಗಳಿಗೂ ಅವೆರಡು ವರ್ಜ್ಯ.