ಗುಳಿ ರಾಗಿ, ಮೂರನೇ ಮಳೆಗಾಲ: ಮೂಟೆ ಬಿಟ್ಟ ಮೇಲಿನ ಲೆಕ್ಕ

ಈ ಸಲದ ರಾಗಿ ಒಕ್ಕಣೆ ಮುಗಿದು, ತೂಕವೂ ಆಯಿತು. ಭರಣಿ ಮಳೆಯಿಂದ ಮಳೆ ನಕ್ಷತ್ರದ ಲೆಕ್ಕದಲ್ಲಿ ಡೈರಿಯಲ್ಲಿ ಗೀಚಿಕೊಂಡು ಬಂದಿದ್ದನ್ನು ಒಪ್ಪ ಮಾಡಿ ಇಲ್ಲಿ ಹಾಕುತ್ತಿದ್ದೇನೆ.

ಹೊಸಬರಿಗೆ ಒಂದೆರಡು ಮಾತು. ಗುಬ್ಬಿ ತಾಲ್ಲೂಕಿನಲ್ಲಿ ನಮ್ಮದು ಮಳೆ ನಂಬಿದ ಒಂದು ಎಕರೆ ಕೆಂಪು ಮಣ್ಣು, ನಡುವೆ ಒಂದು ಬದು. ಬದುವಿನ ಮೂಡಲಿಗೆ ಅಪ್ಪನ ಅರ್ಧ ಎಕರೆ. ಅಲ್ಲಿ ಬಿತ್ತುವಾಗ ಅರ್ಧ ಮೂಟೆ ಡಿಎಪಿ, ಆಮೇಲೆ ಮೇಲುಗೊಬ್ಬರವಾಗಿ ಕಾಲು ಮೂಟೆ ಯೂರಿಯಾ, ಕಳೆಗೆ ಒಂದು ಸಿಂಪಡಣೆ. ಪಡುವಲಿನ ಅರ್ಧ ಎಕರೆ ನನ್ನದು, ಇಲ್ಲಿ ಗುಳಿ ತೆಗೆದು ರಾಗಿ ಪೈರು ನೆಡುತ್ತೇನೆ, ಇದರಲ್ಲಿ ಮೂಟೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಎರಡು ಕಡೆಗೂ ತಳಿ ಒಂದೇ, ಜಿಪಿಯು-28. ನಾನು ತುಮಕೂರಿನಲ್ಲಿ ಕೆಲಸದಲ್ಲಿರುವವನು, ಶನಿವಾರ ಭಾನುವಾರದ ರೈತ. ಉಳಿದ ದಿನ ಎರಡೂ ಹೊಲ ನೋಡಿಕೊಳ್ಳುವವರು ಅಪ್ಪನೇ. ಅದಕ್ಕೇ ಈ ಹೋಲಿಕೆಯಲ್ಲಿ ಮೋಸಕ್ಕೆ ಜಾಗವಿಲ್ಲ. ನನ್ನ ಹೊಲ ಸೊರಗಿದರೆ ಮೊದಲು ಫೋನ್ ಮಾಡುವವರೂ ಅವರೇ, ಅದೂ ಸ್ವಲ್ಪ ಖುಷಿಯಿಂದ.

ಭರಣಿ, ಮೇ ಮೊದಲ ವಾರ

ಎರಡು ಹದ ಮಳೆ ಬಿತ್ತು. ನನ್ನ ಕಡೆ ಉತ್ತು, ಮಣ್ಣಿಗೆ ಸೇರಿಸುವ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಚೆಲ್ಲಿದೆವು. ಕೊಟ್ಟಿಗೆ ಗೊಬ್ಬರ ಬೇಸಗೆಯಲ್ಲೇ ಒಂದು ಲೋಡು ಹರಡಿತ್ತು.

ಸೆಣಬು ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು. ಖುಷ್ಕಿ, ಅಂದರೆ ಮಳೆ ನಂಬಿದ ರಾಗಿಗೆ ಬೆಂಗಳೂರು ಕೃಷಿ ವಿವಿ ಶಿಫಾರಸು ಮಾಡುವುದು ಹೆಕ್ಟೇರಿಗೆ 50 ಕೆಜಿ ಸಾರಜನಕ, ಅಂದರೆ ಅರ್ಧ ಎಕರೆಗೆ 10 ಕೆಜಿ. ಡಿಎಪಿಯಲ್ಲಿ ಶೇ 18, ಯೂರಿಯಾದಲ್ಲಿ ಶೇ 46 ಸಾರಜನಕ ಇರುವುದರಿಂದ ಅಪ್ಪನ ಅರ್ಧ ಮೂಟೆ, ಕಾಲು ಮೂಟೆ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಪ್ಪ ಯಾವ ವಿಶ್ವವಿದ್ಯಾಲಯಕ್ಕೂ ಹೋದವರಲ್ಲ, ಕೈ ಅಂದಾಜು ಅಷ್ಟು ಕರಾರುವಾಕ್ಕು. ಖರ್ಚು ಮುಕ್ಕಾಲು ಸಾವಿರವೂ ಆಗುವುದಿಲ್ಲ. 45 ಕೆಜಿಯ ಯೂರಿಯಾ ಮೂಟೆ 266 ರೂಪಾಯಿ ಚಿಲ್ಲರೆಗೆ ಸಿಗುವಾಗ ಸಾವಯವ ಅಗ್ಗ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಸಬ್ಸಿಡಿಯ ಭಾರವನ್ನು ಸರ್ಕಾರ ಹೊರುತ್ತದೆ, ರೈತನ ಜೇಬಿಗೆ ಅದು ಕಾಣಿಸುವುದಿಲ್ಲ.

ಆ 10 ಕೆಜಿಯನ್ನು ನಾನು ಬೇರೆಲ್ಲಿಂದಲೋ ತರಬೇಕು. ಮೂಟೆ ಬಿಡುವುದು ಸುಲಭ, ಅದು ಬಿಟ್ಟ ಜಾಗಕ್ಕೆ ಏನು ಬಂತು ಅನ್ನುವುದೇ ಈ ಪ್ರಯೋಗದ ಪೂರ್ತಿ ಕಥೆ.

ಆರಿದ್ರಾ

ಸೆಣಬು ಸೊಂಟ ದಾಟಿ ಅಲ್ಲಲ್ಲಿ ಹಳದಿ ಹೂ. ಒಂದು ಮೀಟರ್ ಚೌಕ ಅಳೆದು ಕೊಯ್ದು ತೂಗಿದೆ: 1.2 ಕೆಜಿ ಹಸಿ ಸೊಪ್ಪು. ಅರ್ಧ ಎಕರೆಗೆ ಎರಡೂಕಾಲು, ಎರಡೂವರೆ ಟನ್ ಅಂತಾಯಿತು. ಹಸಿ ಸೊಪ್ಪಿನಲ್ಲಿ ಸಾರಜನಕ ಶೇ 0.4 ಎಂದು ಹಿಡಿದರೆ 10 ಕೆಜಿಗೆ ಹತ್ತಿರ. ಇದೆಲ್ಲ ಈ ಬೆಳೆಗೇ ಸಿಗುವುದಿಲ್ಲ, ಒಂದಿಷ್ಟು ಮಣ್ಣಲ್ಲೇ ಉಳಿಯುತ್ತದೆ, ಒಂದಿಷ್ಟು ಗಾಳಿಗೆ ಹೋಗುತ್ತದೆ. ಆದರೂ ಗಾಳಿಯಿಂದ ಬೇರಿನ ಗಂಟುಗಳು ಹಿಡಿದು ತಂದಿದ್ದರ ಪಾಲು ದೊಡ್ಡದು. ಗಿಡ ಕಿತ್ತು ಗಂಟು ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಹಾಗಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಹೂ ಕಂಡ ಕೂಡಲೇ ಮಣ್ಣಿಗೆ ಸೇರಿಸಬೇಕು. ವಾರ ತಡವಾದರೆ ಕಾಂಡ ನಾರಾಗಿ ರೋಟವೇಟರ್‌ಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಟ್ರ್ಯಾಕ್ಟರ್ ಹುಡುಗ ಇಳಿದು ಕುಡುಗೋಲಲ್ಲಿ ಕುಯ್ಯುತ್ತಾ ಬೈಯುವ ಬೈಗುಳ ಬೇರೆ. ಈ ಸಲ ಹದ ಸರಿಯಾಗಿತ್ತು.

ಪುನರ್ವಸು

ನಾಟಿಗೆ ಪೈರು ಬೆಳೆಸಲು ಒಟ್ಟಲು ಹಾಕಿದೆವು. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ನಾಲ್ಕೈದು ಕೆಜಿ ರಾಗಿ ಬೇಕು. ಗುಳಿ ಪದ್ಧತಿಗೆ ಅರ್ಧ ಕೆಜಿ ಧಾರಾಳ. ಅದೇ ವಾರ ಅಪ್ಪ ತಮ್ಮ ಕಡೆ ಕೂರಿಗೆ ಹೊಡೆದು ಮುಗಿಸಿದರು.

ಆಶ್ಲೇಷ, ಆಗಸ್ಟ್ ಮೊದಲ ವಾರ

ಗುಳಿ ಪದ್ಧತಿ ನಮ್ಮ ಕಡೆಯದ್ದಲ್ಲ, ಹಾವೇರಿ ಕಡೆ ರೈತರದ್ದು. ಹೊಲಕ್ಕೆ ಉದ್ದುದ್ದ, ಅಡ್ಡಡ್ಡ ಒಂದೂವರೆ ಅಡಿಗೊಂದು ಗೆರೆ ಎಳೆಯುವುದು, ಗೆರೆ ಕೂಡುವ ಕಡೆ ಗುಳಿ ತೆಗೆದು ಒಂದು ಹಿಡಿ ಗೊಬ್ಬರ ಹಾಕಿ ಇಪ್ಪತ್ತು ಇಪ್ಪತ್ತೈದು ದಿನದ ಪೈರು ಎರಡೆರಡು ನೆಡುವುದು. ಅಷ್ಟು ದೂರ ಬಿಟ್ಟಿದ್ದು ನೋಡಿ ನೆಡಲು ಬಂದ ಅಕ್ಕಂದಿರು ನಕ್ಕರು. "ಇದೇನಣ್ಣ, ರಾಗಿ ನೆಡ್ತಿದೀವೋ ತೆಂಗಿನ ಸಸಿ ನೆಡ್ತಿದೀವೋ?"

ಅರ್ಧ ಎಕರೆಗೆ ಒಂಬತ್ತೂವರೆ ಸಾವಿರ ಚಿಲ್ಲರೆ ಗುಳಿ. ಹಿಡಿಗೆ ನೂರು ಗ್ರಾಂ ಅಂದರೂ ಒಂದು ಟನ್ ಕಳಿತ ಗೊಬ್ಬರ, ಅದೂ ಬೇರಿನ ಬಾಯಿಗೇ. ನನ್ನಂಥ ಗೊಬ್ಬರದ ಬಡವನಿಗೆ ಈ ಪದ್ಧತಿ ಹಿಡಿಸಿದ್ದು ಇದಕ್ಕೇ. ಎರಡು ದನ ಇಟ್ಟುಕೊಂಡವನಿಗೆ ಹೊಲಕ್ಕೆಲ್ಲ ದಂಡಿಯಾಗಿ ಹರಡುವಷ್ಟು ಗೊಬ್ಬರ ಎಲ್ಲಿಂದ ಬರಬೇಕು?

ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಕ್ಕಡಿ, ಅಂದರೆ ನಡುವಿನ ಮಿಶ್ರ ಬೆಳೆ. ಸುತ್ತ ಬದುವಿಗೆ ಹುಚ್ಚೆಳ್ಳು. ಹುಚ್ಚೆಳ್ಳಿಗೆ ದನ ಬಾಯಿ ಹಾಕುವುದಿಲ್ಲ, ಹಿಂದಿನವರು ಅಂಚಿಗೆ ಹಾಕುತ್ತಿದ್ದುದು ಸುಮ್ಮನಲ್ಲ. ಹೂ ಬಿಟ್ಟಾಗ ಜೇನು ಬರುವುದು ಉಪರಿ ಲಾಭ.

ನಾಟಿ ಮುಗಿಯುವ ಹೊತ್ತಿಗೆ ಸೋನೆ ಹಿಡಿದು ಪೈರು ಕಚ್ಚಿಕೊಂಡಿತು. ಆಳು ಖರ್ಚು ಮಾತ್ರ ಕೈ ಸುಟ್ಟಿತು. ಅಪ್ಪನ ಕೂರಿಗೆ ಅರ್ಧ ದಿನದಲ್ಲಿ ಮುಗಿಸಿದ್ದಕ್ಕೆ ನನಗೆ ಆಳುಗಳ ಗುಂಪೇ ಬೇಕಾಯಿತು, ಹೆಣ್ಣಾಳಿಗೆ ದಿನಕ್ಕೆ ನಾನೂರು, ಕಾಫಿ ತಿಂಡಿ ಬೇರೆ.

ಮಘೆ, ಹುಬ್ಬೆ

ಪೈರಿನ ಮೇಲೆ ಕೊರಡು, ಅಂದರೆ ಮರದ ದಿಮ್ಮಿ ಎಳೆದ ವಾರಗಳು. ಇಡೀ ವರ್ಷದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು, ನೋಡುವವರಿಗೆ ಅತಿ ಹುಚ್ಚಾಗಿ ಕಾಣುವುದೂ ಇದೇ. ಹಾವೇರಿ ಕಡೆ ಎತ್ತು ಕಟ್ಟಿ ಎಳೆಯುತ್ತಾರೆ. ನಮ್ಮಲ್ಲಿ ಎತ್ತೂ ಇಲ್ಲ, ಕೊರಡೂ ಇಲ್ಲ. ಮೊದಲ ವರ್ಷ ಊರಿನ ಆಚಾರಿಯ ಹತ್ತಿರ ಹೋಗಿ ಹೀಗೀಗೆ ಬೇಕು ಅಂದಾಗ, "ಏನ್ ಸ್ವಾಮಿ, ಪೈರು ತುಳಿಸಕ್ಕೆ ದಿಮ್ಮಿ ಕೇಳ್ತಿದೀರಲ್ಲ!" ಅಂದಿದ್ದರು. ಆದರೂ ಸಿಲ್ವರ್ ಓಕಿನ ಹಗುರ ತುಂಡೊಂದನ್ನು ನಯ ಮಾಡಿ ಎರಡು ತುದಿಗೆ ಬಳೆ ಹಾಕಿಕೊಟ್ಟರು. ಅದಕ್ಕೆ ಹಗ್ಗ ಕಟ್ಟಿ ಇಬ್ಬರು ಎಳೆಯುತ್ತೇವೆ.

ದಿಮ್ಮಿ ಹಾದುಹೋದ ಮೇಲೆ ಪೈರೆಲ್ಲ ಒಂದೇ ಕಡೆಗೆ ಮಲಗಿರುತ್ತದೆ. ಎದೆ ಧಸಕ್ಕೆನ್ನುತ್ತದೆ. ಬಗ್ಗಿ ನೋಡಿದರೆ ಕಾಂಡ ಮುರಿದಿರುವುದಿಲ್ಲ, ಬುಡದಲ್ಲಿ ಮಣಿದಿರುತ್ತದೆ ಅಷ್ಟೆ. ಎರಡು ಮೂರು ದಿನಕ್ಕೆ ಸುಳಿ ಮತ್ತೆ ಮೇಲಕ್ಕೆ ತಿರುಗುತ್ತದೆ. ಇನ್ನೊಂದಿಷ್ಟು ದಿನ ಬಿಟ್ಟು ಬುಡದ ಮಣ್ಣು ಬೆರಳಲ್ಲಿ ಕೆದಕಿದರೆ ಕೆಳಗೆಣ್ಣಿನ ಸುತ್ತ ಬೆಳ್ಳಗಿನ ಮೊನೆಗಳು ಎಲೆಯ ಒರೆ ಸೀಳಿಕೊಂಡು ಹೊರಗೆ ಬರುತ್ತಿರುತ್ತವೆ. ಅವೇ ತೆಂಡೆ, ಬುಡದಿಂದ ಒಡೆಯುವ ಹೊಸ ಕವಲು. ಅಪ್ಪನ ಸಾಲಿನಲ್ಲಿ ಗಿಡಕ್ಕೆ ಮೂರು ನಾಲ್ಕು ತೆಂಡೆಯಾದರೆ ಗುಳಿಯಲ್ಲಿ ಇಪ್ಪತ್ತರ ಮೇಲೆ ಎಣಿಸಿದ್ದೇನೆ. ಎಲ್ಲವೂ ತೆನೆ ಕಟ್ಟುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯೂಟ್ಯೂಬಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಕೊರಡಿನ ಹಿಂದೆಯೇ ಎಡೆಕುಂಟೆ. ಚೌಕ ನಾಟಿಯಾದ್ದರಿಂದ ಎರಡೂ ದಿಕ್ಕಿಗೆ ಹೊಡೆಯಬಹುದು, ಕೈಕಳೆ ಮುಕ್ಕಾಲು ಪಾಲು ತಪ್ಪುತ್ತದೆ. ನಾಟಿಗೆ ಸುರಿದ ಕೂಲಿ ಒಂದಿಷ್ಟು ಇಲ್ಲಿ ವಾಪಸ್ ಬರುತ್ತದೆ.

ಹೊಲಕ್ಕೆ ಜೀವಾಮೃತವನ್ನೂ ಹಾಕಿದೆ. ಇದರ ಬಗ್ಗೆ ಕೇಳುವವರು ಬಹಳ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಅಳತೆ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನನ್ನ ಅರ್ಧ ಎಕರೆ ಪಾಲಿನ ಸಗಣಿ, ಗಂಜಲ, ಹಿಟ್ಟಿನ ಸಾರಜನಕ ಎಲ್ಲ ಕೂಡಿಸಿದರೂ ಒಂದು ಸಲಕ್ಕೆ ನೂರು ಗ್ರಾಂ ಆಸುಪಾಸು. ಬೇಕಿರುವುದು 10 ಕೆಜಿ. ಇದು ಗೊಬ್ಬರವಲ್ಲ, ಹೆಪ್ಪು ಎಂದು ಅವರ ಕಡೆಯವರೇ ಹೇಳುತ್ತಾರೆ, ಸರಿ. ಆದರೆ ಹೆಪ್ಪು ಹಾಕೋಕೆ ಪಾತ್ರೆಯಲ್ಲಿ ಹಾಲಿರಬೇಕಲ್ಲ? ಸೊಪ್ಪು, ಸಗಣಿ ಏನೂ ಬೀಳದ ಬರಡು ಮಣ್ಣಿಗೆ ಬರೀ ಡ್ರಮ್ಮು ಸುರಿದು, ಇಳುವರಿ ಬರಲಿಲ್ಲ ಎಂದು ಎರಡನೇ ವರ್ಷಕ್ಕೇ ಯೂರಿಯಾಕ್ಕೆ ಮರಳಿದವರು ನಮ್ಮ ಸುತ್ತಮುತ್ತ ಇದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

ಉತ್ತರೆ

ಕುಂಟೆಗೆ ಸಿಗದೆ ಗುಳಿ ಪಕ್ಕ ಉಳಿದಿದ್ದ ಅಣ್ಣೆ ಸೊಪ್ಪು, ಕುಡಿ ಎಳೆಯದಾಗಿದ್ದಾಗಲೇ ಊರಿನ ಅಜ್ಜಿಯರಿಗೆ ಕಂಡಿತು. ಮಡಿಲು ಕಟ್ಟಿಕೊಂಡು ಬಂದು ಬೆರಕೆ ಸೊಪ್ಪು ಕೊಯ್ದು ಹೋದರು. ಬದು ದಾಟಿ ಅಪ್ಪನ ಕಡೆ ಯಾರೂ ಇಳಿಯಲಿಲ್ಲ, ಅಲ್ಲಿ ಕಳೆನಾಶಕ ಹೊಡೆದದ್ದು ಎಲ್ಲರಿಗೂ ಗೊತ್ತು. ಅಮ್ಮ ಅಂದು ಮಸೊಪ್ಪು ಮಾಡಿದ್ದರು. ಅಪ್ಪ ಎರಡು ಸಲ ಬಡಿಸಿಕೊಂಡರು, ಸೊಪ್ಪು ಯಾವ ಹೊಲದ್ದು ಅಂತ ಕೇಳಲಿಲ್ಲ.

ಹಸ್ತ

ಮಳೆ ಕೈಕೊಟ್ಟಿತು. ಮಧ್ಯಾಹ್ನಕ್ಕೆ ಅಪ್ಪನ ಕಡೆ ಗರಿ ಸುರುಳಿ ಸುತ್ತಿಕೊಂಡರೆ ನನ್ನ ಕಡೆ ಒಂದೆರಡು ದಿನ ತಡವಾಗಿ ಸುತ್ತಿಕೊಂಡಿತು. ಸಾವಯವದ ಮಹಿಮೆ ಎಂದು ಬರೆದುಬಿಡಬಹುದಿತ್ತು. ಆದರೆ ಗುಳಿಯಲ್ಲಿ ಗಿಡಕ್ಕೆ ಜಾಗ ಹೆಚ್ಚು, ಬೇರು ಆಳ. ಮಣ್ಣಿನ ಪಾಲೆಷ್ಟು, ಅಂತರದ ಪಾಲೆಷ್ಟು ಎಂದು ಬಿಡಿಸಲು ನನ್ನ ಪ್ರಯೋಗಕ್ಕೆ ಆಗುವುದಿಲ್ಲ. ಬೆಂಕಿ ರೋಗ ಎರಡೂ ಕಡೆ ಇಲ್ಲ. ಅದರ ಪುಣ್ಯ ಜಿಪಿಯು-28ಕ್ಕೆ, ಆ ರೋಗ ತಡೆಯುವ ಗುಣಕ್ಕೇ ಅದು ಹೆಸರಾಗಿರುವುದು.

ಇದೇ ಹೊತ್ತಲ್ಲಿ ಅಪ್ಪ ತಮ್ಮ ಹಳೇ ಅಸ್ತ್ರ ತೆಗೆದರು. "ಶ್ರೀಲಂಕಾದೋರು ನಿನ್ ಥರನೇ ಮಾಡಕ್ಕೋಗಿ ಏನಾದ್ರು ನೋಡ್ದಾ?" ಮಾತು ಸುಳ್ಳಲ್ಲ. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸುತ್ತೇವೆ ಎಂದರು, ಭತ್ತ, ಚಹಾ ಎರಡೂ ನೆಲಕಚ್ಚಿ ನವೆಂಬರ್‌ಗೆ ಹಿಂದೆಗೆದರು. ಅಲ್ಲಿ ಮೂಟೆ ರಾತ್ರೋರಾತ್ರಿ ನಿಂತಿತು, ಅದರ ಬದಲಿಗೆ ಒಂದು ದೇಶಕ್ಕಾಗುವಷ್ಟು ಗೊಬ್ಬರ ಯಾರ ತಿಪ್ಪೆಯಲ್ಲೂ ಇರಲಿಲ್ಲ. ನನ್ನ ಅರ್ಧ ಎಕರೆಗೆ ಹೊಂದಿಸುವುದಕ್ಕೇ ಮೂರು ವರ್ಷದಿಂದ ತಿಣುಕುತ್ತಿದ್ದೇನೆ. "ಅದಕ್ಕೇ ಅರ್ಧ ಎಕ್ರೆಲಿ ಮಾಡ್ತಿರದು ಕಣಪ್ಪ" ಅಂದೆ.

ಇನ್ನೊಂದು ಮಾತು ಅಪ್ಪನ ಪರವಾಗಿಯೇ ಹೇಳಬೇಕು. ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆಯುತ್ತಿರುವ ಖುಷ್ಕಿ ರಾಗಿಯ ಪ್ರಯೋಗದಲ್ಲಿ ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕಿನ ಇಳುವರಿ ವರ್ಷ ಕಳೆದಂತೆ ಇಳಿದಿದೆ, ನಿಜ. ಆದರೆ ಅಲ್ಲಿ ಚೆನ್ನಾಗಿ ಬೆಳೆದದ್ದು ಕೊಟ್ಟಿಗೆ ಗೊಬ್ಬರ, ಮೂಟೆ ಗೊಬ್ಬರ ಎರಡೂ ಸೇರಿಸಿದ ತಾಕು. ನಮ್ಮ ಸಾವಯವ ಗುಂಪಿನಲ್ಲಿ ಇದನ್ನು ಹೇಳಿದರೆ ಮುಖ ಗಂಟಿಕ್ಕುತ್ತಾರೆ.

ವಿಶಾಖ, ನವೆಂಬರ್

ಕೊಯ್ಲು. ಮೆದೆ ಬೇರೆ ಬೇರೆ ಒಟ್ಟಿದ್ದು, ಬಿಸಿಲು ಬಲಿತ ಮೇಲೆ ಒಕ್ಕಣೆ. ಅಪ್ಪನದು ಐದು ಮುಕ್ಕಾಲು ಕ್ವಿಂಟಲ್, ನನ್ನದು ಐದಕ್ಕೆ ಸ್ವಲ್ಪ ಕಡಿಮೆ. ಮೊದಲ ವರ್ಷ ನಾನು ಮೂರನ್ನೂ ಮುಟ್ಟಿರಲಿಲ್ಲ. ಹುಲ್ಲು ನನ್ನ ಕಡೆ ಹೆಚ್ಚು, ದನ ಅದನ್ನೇ ಮೊದಲು ಮೇಯುತ್ತವೆ. ಹುಲ್ಲು ಹೊರಗೆ ಮಾರುವುದಿಲ್ಲ, ಅದು ಸಗಣಿಯಾಗಿ ಮತ್ತೆ ಹೊಲಕ್ಕೇ ಬರಬೇಕು.

ಡಿಸೆಂಬರ್

ಅವರೆಗೆ ಕಾಯಿಕೊರಕ. ಹೂವಿಗೆ ಬಂದಾಗಲೇ ಹೊಲದ ತುಂಬ ಟಿ ಆಕಾರದ ಕೋಲು ನೆಟ್ಟಿದ್ದೆ. ಕಾಜಾಣ ಬಂದು ಕೂತು ಹುಳ ಹೆಕ್ಕುತ್ತಿದ್ದವು. ಮೇಲೆ ಎರಡು ಸಲ ಬೇವಿನ ಬೀಜದ ಕಷಾಯ, 100 ಲೀಟರಿಗೆ 5 ಕೆಜಿ ತಿರುಳಿನ ಲೆಕ್ಕದಲ್ಲಿ. ಆದರೂ ಕಾಲು ಭಾಗ ಕಾಯಿ ತೂತು. ಪೇಟೆಯಲ್ಲಿ ತೂತಿನ ಕಾಯಿಗೆ ಬೆಲೆಯಿಲ್ಲ, ಮನೆಯಲ್ಲಿ ಹಿತಕಿದ ಬೇಳೆಗೆ ನಡೆಯುತ್ತದೆ. ಚೆನ್ನಾಗಿದ್ದ ಸೊಗಡವರೆ ಗುಬ್ಬಿ ಸಂತೆಯಲ್ಲಿ ಮಧ್ಯಾಹ್ನದೊಳಗೆ ಖಾಲಿ. ನಾಟಿಯ ಕೂಲಿ ಹುಟ್ಟಿದ್ದು ರಾಗಿಯಿಂದಲ್ಲ, ಈ ಅಕ್ಕಡಿ ಸಾಲಿನಿಂದ.

ಮಾರಾಟ, ಮಣ್ಣು, ಮುಂದಿನದು

ಖರೀದಿ ಕೇಂದ್ರದಲ್ಲಿ ಎಲ್ಲ ರಾಗಿಗೂ ಒಂದೇ ದರ, 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಸಾವಯವ ಅಂತ ಅಲ್ಲಿ ಪ್ರತ್ಯೇಕ ಸಾಲಿಲ್ಲ. ಹೆಚ್ಚು ಬೆಲೆ ಬೇಕಾದರೆ ಪ್ರಮಾಣಪತ್ರ ಬೇಕು. ನಮ್ಮಂಥ ಸಣ್ಣವರಿಗೆ ಪಿಜಿಎಸ್ ಪದ್ಧತಿ ಅನುಕೂಲ, ರೈತರೇ ಒಬ್ಬರ ಹೊಲ ಒಬ್ಬರು ನೋಡಿ ಸಹಿ ಹಾಕುವುದು. ಗುಂಪಿಗೆ ಕನಿಷ್ಠ ಐದು ಜನ ಬೇಕು, ನಾವು ನಾಲ್ಕೇ ಇದ್ದೇವೆ. ಐದನೆಯವರಾಗಬಹುದಾದ ಪಕ್ಕದ ತೋಟದ ದೊಡ್ಡಪ್ಪ ಮೂರು ಬೇಸಗೆಯಿಂದ "ನೋಡಾನ ತಗಾ" ಅನ್ನುತ್ತಿದ್ದಾರೆ. ಹಾಗಾಗಿ ಈ ವರ್ಷವೂ ಗುರುತಿನವರಿಗೇ ಮಾರಾಟ. ಅವರು ನನ್ನನ್ನು ನಂಬಿ ಕೊಳ್ಳುತ್ತಾರೆ, ಚೀಟಿ ನೋಡಿ ಅಲ್ಲ.

ಮಣ್ಣು ಪರೀಕ್ಷೆ ಬಂತು. ಸಾವಯವ ಇಂಗಾಲ ಶುರುವಿನಲ್ಲಿ ಶೇ 0.38 ಇದ್ದದ್ದು ಈಗ 0.46. ಏರಿದೆ, ಆದರೆ 0.5ಕ್ಕಿಂತ ಕೆಳಗಿರುವುದೆಲ್ಲ ಕಾರ್ಡಿನಲ್ಲಿ 'ಕಡಿಮೆ' ಎಂದೇ. ನಮ್ಮ ಬಿಸಿಲಿಗೆ ಮಣ್ಣಲ್ಲಿ ಏನೂ ಬಹಳ ದಿನ ನಿಲ್ಲುವುದಿಲ್ಲ. ರಂಜಕದ ಸಾಲು ಸ್ವಲ್ಪ ಇಳಿದಿದೆ, ನನಗೆ ಈಗ ಚಿಂತೆ ಅದರದ್ದು. ಸಾರಜನಕವನ್ನು ಸೆಣಬು ಗಾಳಿಯಿಂದ ತಂದೀತು, ರಂಜಕವನ್ನು ಯಾವ ಗಿಡವೂ ಗಾಳಿಯಿಂದ ತರುವುದಿಲ್ಲ. ರಾಗಿ ಮೂಟೆಯಲ್ಲಿ ಹೊರಗೆ ಹೋದದ್ದು ಹೊರಗಿನಿಂದಲೇ ಬರಬೇಕು. ಹೊಂಗೆ ಹಿಂಡಿ ನೋಡಿದೆ, ದರ ಕೇಳಿ ಸುಮ್ಮನಾದೆ. ಬೇಸಗೆಯಲ್ಲಿ ಕೆರೆ ಗೋಡು, ಅಂದರೆ ಕೆರೆಯ ಹೂಳು ಹೊಡೆಸುವ ಯೋಚನೆ ಇದೆ. ಪಂಚಾಯ್ತಿಯವರ ಒಪ್ಪಿಗೆ ಸಿಕ್ಕರೆ ನಾಲ್ಕೈದು ಲೋಡು, ಹೊಡೆಸುವ ಮೊದಲು ಗೋಡನ್ನೂ ಒಂದು ಪರೀಕ್ಷೆಗೆ ಕಳಿಸುತ್ತೇನೆ.

ಅಪ್ಪ ತಮ್ಮ ಕಡೆ ಈ ಮೇಯಲ್ಲಿ ಸೆಣಬು ಚೆಲ್ಲಲು ಒಪ್ಪಿದ್ದಾರೆ. ಡಿಎಪಿ ಬಿಡುವುದಿಲ್ಲವಂತೆ. ಯೂರಿಯಾ ಮಾತ್ರ ಪೈರು ನೋಡಿಕೊಂಡು ಹಾಕುತ್ತಾರಂತೆ. ಬೀಜ ಎರಡು ಪಾಲು ತರಬೇಕು.