ಶನಿವಾರದ ಎರಡು ಪೀರಿಯಡ್‌ಗಳಿಗೆ ಪಾಠ ಹುಡುಕಿದ್ದು

ನಮ್ಮ ಪ್ರೌಢಶಾಲೆಯ ಎನ್‌ಸಿಸಿ ತುಕಡಿಯನ್ನು ನಾನು ನೋಡಿಕೊಳ್ಳತೊಡಗಿ ಆರು ವರ್ಷಗಳಾಗಿವೆ. ಗ್ವಾಲಿಯರ್‌ನ ಅಧಿಕಾರಿಗಳ ತರಬೇತಿ ಅಕಾಡೆಮಿಯಿಂದ ಥರ್ಡ್ ಆಫೀಸರ್ (ಶಾಲಾ ತುಕಡಿ ನೋಡಿಕೊಳ್ಳುವ ಶಿಕ್ಷಕರ ಆರಂಭದ ದರ್ಜೆ) ಆಗಿ ಹಿಂದಿರುಗಿದ ದಿನದಿಂದ ಕವಾಯತು, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ ಮುಂತಾದವನ್ನು ಕಲಿಸುವುದು ನನಗೆ ಎಂದೂ ಹೊರೆಯೆನಿಸಿಲ್ಲ. ಬೆಟಾಲಿಯನ್‌ನಿಂದ ಬರುವ ತರಬೇತಿ ವೇಳಾಪಟ್ಟಿಯಲ್ಲಿ ‘ವ್ಯಕ್ತಿತ್ವ ವಿಕಸನ’ ಎಂಬ ಎರಡು ಪೀರಿಯಡ್‌ಗಳು ಕಂಡಾಗ ಮಾತ್ರ ಏನು ಹೇಳಲಿ ಎಂಬ ಚಿಂತೆ ಹತ್ತುತ್ತಿತ್ತು. ನೆಟ್ಟಗೆ ನಿಲ್ಲಲು ‘ಸಾವಧಾನ್’ ಎಂದಾಗ ಹಿಮ್ಮಡಿಗಳು ಕೂಡಿ, ಪಾದಗಳ ನಡುವೆ 30 ಡಿಗ್ರಿ ಕೋನವಿರಬೇಕು. ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ, ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಪ್ರಾಮಾಣಿಕತೆಯನ್ನು ಹಾಗೆ ಸಾಲಿನಲ್ಲಿ ನಿಲ್ಲಿಸಿ ಅಳೆಯಲು ಬರುವುದಿಲ್ಲ.

ವಿಚಿತ್ರವೆಂದರೆ, ಎನ್‌ಸಿಸಿಯ ಉದ್ದೇಶಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪದವೇ ಚಾರಿತ್ರ್ಯ. 1946ರಲ್ಲಿ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಮೇಲೆ 1948ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ, ಹುಡುಗರಿಗೆ ಬಂದೂಕು ಹಿಡಿಯಲು ಕಲಿಸುವುದಕ್ಕಷ್ಟೇ ಹುಟ್ಟಿದ್ದಲ್ಲ. ಆದರೂ ಬಂದೂಕಿನ ಬಿಡಿಭಾಗಗಳನ್ನು ವಿವರಿಸಲು ಇರುವಷ್ಟು ಸ್ಪಷ್ಟವಾದ ಪಾಠಸಾಮಗ್ರಿ ಚಾರಿತ್ರ್ಯಕ್ಕೆ ಇಲ್ಲವೆಂಬ ದೂರು ನನ್ನಲ್ಲಿ ಮೊದಲಿನಿಂದಲೂ ಇತ್ತು.

ಕಳೆದ ವರ್ಷ ಅಂಥದೇ ಒಂದು ಶನಿವಾರಕ್ಕೆ ಮೂರು ದಿನ ಮೊದಲೇ ಹುಡುಕಲು ಕುಳಿತೆ. ಕೈಪಿಡಿಯಲ್ಲಿ ನಾಯಕತ್ವದ ಗುಣಗಳು, ಸಂವಹನದ ವಿಧಗಳು, ಒತ್ತಡ ನಿರ್ವಹಣೆಯ ಉಪಾಯಗಳು ಎಲ್ಲವೂ ಇದ್ದವು, ಆದರೆ ಇಂಗ್ಲಿಷಿನಲ್ಲಿ, ಅದೂ ಪರೀಕ್ಷೆಗೆ ಬಾಯಿಪಾಠ ಮಾಡಲು ತಕ್ಕ ರೀತಿಯಲ್ಲಿ. ಕವಾಯತಿನ ಆದೇಶಗಳನ್ನು ಹಿಂದಿಯಲ್ಲಿ ಕಲಿತು, ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಿ, ಪಕ್ಕದವನೊಂದಿಗೆ ಕನ್ನಡದಲ್ಲಿ ಜಗಳವಾಡುವ ಮಕ್ಕಳು ನನ್ನವರು. ಅವರ ಗುಣಾವಗುಣಗಳೆಲ್ಲ ಹೊರಬೀಳುವುದು ಆ ಜಗಳದ ಭಾಷೆಯಲ್ಲೇ. 2020ರಲ್ಲಿ ಬಿಡುಗಡೆಯಾದ ತರಬೇತಿ ಆ್ಯಪ್ ನೋಡಿದೆ. ಅಲ್ಲಿನ ಪಠ್ಯಕ್ರಮ ಮತ್ತು ವೀಡಿಯೊಗಳು ಉಳಿದ ವಿಷಯಗಳಿಗೆ ಉಪಯುಕ್ತವಾಗಿದ್ದರೂ ನನ್ನ ಈ ಎರಡು ಪೀರಿಯಡ್‌ಗಳಿಗೆ ಒದಗಲಿಲ್ಲ. ಗ್ರಂಥಾಲಯದಿಂದ ತಂದ ನೀತಿಕಥೆಗಳ ಪುಸ್ತಕಗಳಲ್ಲಿ ಕಥೆ ಮುಗಿಯುವ ಮೊದಲೇ ನೀತಿ ಇಣುಕುತ್ತಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ನನಗಿಂತ ಮೊದಲೇ ಗುರುತಿಸುತ್ತಾರೆ.

ವೀರಗಾಥೆಗಳನ್ನು ಅದರ ಹಿಂದಿನ ವರ್ಷವೇ ಪ್ರಯೋಗಿಸಿದ್ದೆ. 1965ರ ಯುದ್ಧದಲ್ಲಿ ಸೆರೆಸಿಕ್ಕ, ವಾಯುಪಡೆಯಲ್ಲಿದ್ದ ಮಗನನ್ನು ಬಿಡುಗಡೆ ಮಾಡಿಸುವುದಾಗಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹೇಳಿ ಕಳುಹಿಸಿದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತನ್ನ ಮಕ್ಕಳೇ ಎಂದು ಕಾರ್ಯಪ್ಪನವರು ಉತ್ತರಿಸಿದರೆಂಬ, ನಮ್ಮಲ್ಲಿ ಮನೆಮಾತಾಗಿರುವ ಪ್ರಸಂಗವನ್ನು ನನಗೆ ಸಾಧ್ಯವಾದಷ್ಟು ಚೆನ್ನಾಗಿ ಹೇಳಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಮೇಡಂ, ಆ ಮಗನಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲವೇ?” ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕು ಅವನನ್ನು ಕೂರಿಸಿದೆ. ಆ ದಿನದ ಏಕೈಕ ಒಳ್ಳೆಯ ಪ್ರಶ್ನೆಯನ್ನು ಕೈಯಾರೆ ಹೊಸಕಿಹಾಕಿದೆನೆಂದು ಅರಿವಾದದ್ದು ಮನೆಗೆ ಹೋದ ಮೇಲೆ.

ಆ ಪ್ರಶ್ನೆಯ ನೆನಪಿನಲ್ಲೇ ಈ ಸಲ ಬೇರೆ ದೇಶಗಳ ಕೆಡೆಟ್ ಸಂಸ್ಥೆಗಳು ಏನು ಮಾಡುತ್ತವೆಂದು ನೋಡಿದೆ. ಅಮೆರಿಕದ ಸಿವಿಲ್ ಏರ್ ಪೆಟ್ರೋಲ್‌ನಲ್ಲಿ ಚಾರಿತ್ರ್ಯಕ್ಕೆಂದೇ ಪ್ರತ್ಯೇಕ ಪಾಠವಿದೆ. ಧರ್ಮಗುರುಗಳೋ ಅದಕ್ಕಾಗಿಯೇ ನೇಮಕಗೊಂಡ ಬೋಧಕರೋ ಅದನ್ನು ನಡೆಸುತ್ತಾರೆ. ಅಲ್ಲಿ ಉಪನ್ಯಾಸಕ್ಕಿಂತ ಚರ್ಚೆಗೆ ಹೆಚ್ಚಿನ ಸ್ಥಾನ. ಒಂದು ಇಕ್ಕಟ್ಟಿನ ಸನ್ನಿವೇಶವನ್ನು ಮುಂದಿಟ್ಟು, ಮಕ್ಕಳಿಂದಲೇ ಅದರ ಸರಿತಪ್ಪುಗಳನ್ನು ಹೊರಡಿಸುತ್ತಾರೆ. ಅವರ ಸನ್ನಿವೇಶಗಳು ಅವರ ಮಕ್ಕಳ ಬದುಕಿನವು. ನನಗೆ ಬೇಕಾದದ್ದು ಆ ವಿಧಾನ ಮಾತ್ರ.

ಶುಕ್ರವಾರ ರಾತ್ರಿ ಪುಸ್ತಕಗಳನ್ನೆಲ್ಲ ಬದಿಗಿಟ್ಟು ನನ್ನ ಪರೇಡ್ ಡೈರಿಯನ್ನು ತೆರೆದೆ. ಬೂಟಿನ ಪಾಲಿಶ್ ಕದ್ದವನು ಯಾರೆಂದು ತಿಳಿದಿದ್ದೂ ಇಡೀ ಸ್ಕ್ವಾಡ್ ಬಾಯಿಬಿಡದೆ ಮೈದಾನ ಸುತ್ತಿದ್ದು, ಶಿಬಿರಕ್ಕೆ ಹೋಗಲು ಒಂದೇ ಸ್ಥಾನವಿದ್ದಾಗ ಇಬ್ಬರು ಗೆಳತಿಯರು ಮಾತು ಬಿಟ್ಟದ್ದು, ಹೀಗೆ ಅಲ್ಲಲ್ಲಿ ಗೀಚಿದ್ದ ಟಿಪ್ಪಣಿಗಳಿಂದ ಮೂರು ಸನ್ನಿವೇಶಗಳನ್ನು ಆರಿಸಿ, ಹೆಸರು ಗುರುತು ಅಳಿಸಿ, ರಟ್ಟಿನ ಚೀಟಿಗಳ ಮೇಲೆ ಬರೆದೆ. ಮೂರನೆಯದು ಹಾಜರಾತಿಗೆ ಸಂಬಂಧಿಸಿದ್ದು. ಶಾಲಾ ಕೆಡೆಟ್‌ಗಳು ಬರೆಯುವ ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಾತಿ ಬೇಕು. ನಿಮ್ಮ ಗೆಳೆಯನಿಗೆ ಒಂದೇ ಒಂದು ಪರೇಡ್ ಕಡಿಮೆ ಬೀಳುತ್ತದೆ. ಅಂದು ಅವನು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ. ಏನು ಬರೆಯುತ್ತೀರಿ?

ಮರುದಿನ ಮೊದಲ ಎರಡು ಚೀಟಿಗಳಿಗೇ ಒಂದು ಪೀರಿಯಡ್ ಮುಗಿಯಿತು. ಮೂರನೆಯದನ್ನು ಓದಿದಾಗ, “ಇದ್ದದ್ದನ್ನೇ ಬರೆಯಬೇಕು ಮೇಡಂ” ಎಂದು ಒಕ್ಕೊರಲಿನಿಂದ ಬಂತು. ಹಾಗಾದರೆ ಅಜ್ಜಿಯನ್ನು ಕರೆದೊಯ್ದದ್ದು ತಪ್ಪೇ ಎಂದು ಕೇಳಿದೆ. ಕೂಗು ಅಡಗಿತು. ಕಾರಣ ಒಳ್ಳೆಯದಾದರೆ ಹಾಜರಿ ಹಾಕಬಹುದೆಂದು ಕೆಲವರು, ಕಾರಣ ಯಾರಿಗೆ ತಾನೇ ಇರುವುದಿಲ್ಲವೆಂದು ಇನ್ನು ಕೆಲವರು ವಾದಕ್ಕಿಳಿದರು. ನಾವು ಪದೇಪದೇ ಹೇಳಿಸುವ ಶಿಸ್ತಿನ ನಾಲ್ಕು ಸೂತ್ರಗಳು ಗೋಡೆಯ ಮೇಲಿದ್ದವು: ನಗುಮೊಗದಿಂದ ಆಜ್ಞೆ ಪಾಲಿಸುವುದು, ಸಮಯ ಪಾಲಿಸುವುದು, ಗದ್ದಲವಿಲ್ಲದೆ ದುಡಿಯುವುದು, ನೆಪ ಮತ್ತು ಸುಳ್ಳು ಹೇಳದಿರುವುದು. ಕೆಡೆಟ್‌ಗಳಲ್ಲೇ ಮೇಲಿನ ದರ್ಜೆಯವನಾದ ಸರ್ಜೆಂಟೇ ಹಾಜರಿ ಹಾಕೆಂದು ಹೇಳಿದರೆ ಮೊದಲನೆಯದನ್ನು ಪಾಲಿಸಬೇಕೋ ನಾಲ್ಕನೆಯದನ್ನೋ ಎಂದು ಒಬ್ಬ ಕೇಳಿದ. ಮೂಲೆಯಲ್ಲಿ ನಿಂತಿದ್ದ ಹವಾಲ್ದಾರರಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಏನೋ ಗಂಭೀರವಾದದ್ದು ನಡೆದಿದೆಯೆಂದು ತಿಳಿದು, ನನ್ನತ್ತ ನೋಡಿದರು.

ಅಷ್ಟರಲ್ಲಿ ಯಾವತ್ತೂ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಹೋದ ತಿಂಗಳು ಮಳೆ ಬಂತೆಂದು ಒಂದು ಪೀರಿಯಡ್ ಆದ ಮೇಲೆ ನಮ್ಮನ್ನು ಮನೆಗೆ ಕಳುಹಿಸಿದಿರಿ. ಪುಸ್ತಕದಲ್ಲಿ ಎರಡು ಪೀರಿಯಡ್ ಎಂದಿದೆ. ಅದು?”

ಅವಳ ದನಿಯಲ್ಲಿ ಆರೋಪವಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿತ್ತು. ನನಗೆ ಕಷ್ಟವಾದದ್ದು ಅದಕ್ಕೇ. ಮಳೆ ನನ್ನ ತಪ್ಪಲ್ಲ, ವರ್ಷದ ಪೀರಿಯಡ್‌ಗಳ ಲೆಕ್ಕ ತುಂಬಲೇಬೇಕು, ಮಕ್ಕಳಿಗೇ ಅದರಿಂದ ಅನುಕೂಲ, ಹೀಗೆ ಮೂರು ಉತ್ತರಗಳು ಒಮ್ಮೆಗೇ ನಾಲಿಗೆಯ ತುದಿಗೆ ಬಂದವು. ಮೂರೂ ನಾಲ್ಕನೆಯ ಸೂತ್ರದಲ್ಲಿ ಹೇಳಿದ ನೆಪಗಳೇ ಆಗಿದ್ದವು. ಹಾಜರಿ ಪುಸ್ತಕವನ್ನು ತರಿಸಿ ಆ ಪುಟ ತೆರೆದೆ. ನೀಲಿ ಶಾಯಿಯ ಉದ್ದನೆಯ ಸಾಲು, ಪ್ರತಿ ಹೆಸರಿನ ಎದುರೂ ಎರಡೆರಡು ಗುರುತು, ಕೆಳಗೆ ನನ್ನದೇ ಸಹಿ. “ಅದು ನಾನು ಬರೆದ ಸುಳ್ಳು” ಎಂದೆ. ಆ ವಾಕ್ಯ ಮುಗಿಸುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ಮಕ್ಕಳು ನಗಲಿಲ್ಲ. ಹಾಗಾದರೆ ಈಗೇನು ಮಾಡಬೇಕೆಂಬ ಚರ್ಚೆ, ಚೀಟಿಯಲ್ಲಿದ್ದ ಕಾಲ್ಪನಿಕ ಗೆಳೆಯನನ್ನು ಬಿಟ್ಟು, ನನ್ನ ಮೇಲೆಯೇ ನಡೆಯಿತು. ಎರಡನೆಯ ಗುರುತನ್ನು ಹೊಡೆದುಹಾಕಿದರೆ ಇಬ್ಬರ ಹಾಜರಾತಿ 75ಕ್ಕಿಂತ ಕೆಳಗಿಳಿಯುತ್ತಿತ್ತು. ಆ ಇಬ್ಬರಲ್ಲಿ ಪ್ರಶ್ನೆ ಕೇಳಿದ ಹುಡುಗಿಯೂ ಒಬ್ಬಳು. ಅದು ಗೊತ್ತಾದ ಮೇಲೂ ಅವಳು ಪ್ರಶ್ನೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಕೊನೆಗೆ ಗುರುತುಗಳನ್ನು ಹೊಡೆದು, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡುವುದೆಂದೂ, ತಪ್ಪಿದ ಪೀರಿಯಡ್ಡನ್ನು ಮುಂದಿನ ವಾರ ಹೆಚ್ಚುವರಿಯಾಗಿ ನಡೆಸುವುದೆಂದೂ ತೀರ್ಮಾನವಾಯಿತು. ಬೆಟಾಲಿಯನ್‌ಗೆ ಎರಡು ಸಾಲಿನ ಪತ್ರ ಬರೆದೆ. ಆ ಪತ್ರ ಬರೆಯಲು ಹಿಡಿದ ಸಮಯದಲ್ಲಿ ಎರಡು ಪಾಠಗಳನ್ನು ಸಿದ್ಧಪಡಿಸಬಹುದಿತ್ತು.

ಹೆಚ್ಚುವರಿ ಪರೇಡಿಗೆ ಇಬ್ಬರ ಹೊರತು ಎಲ್ಲರೂ ಬಂದರು. ಬಾರದ ಇಬ್ಬರ ಎದುರು ಗೈರುಹಾಜರಿ ಬರೆದದ್ದು ಹಾಜರಿ ಪುಸ್ತಕ ಹಿಡಿದ ಸರ್ಜೆಂಟ್. ಅವರಲ್ಲಿ ಒಬ್ಬ ಅವನ ಗೆಳೆಯ. ಪರೇಡ್ ಮುಗಿದ ಮೇಲೆ ಆ ಹುಡುಗಿ ನಾಲ್ಕನೆಯ ಚೀಟಿಯೊಂದನ್ನು ತಂದುಕೊಟ್ಟಳು. ದುಂಡಗಿನ ಅಕ್ಷರಗಳಲ್ಲಿ ಮಳೆಯ ದಿನದ ಸಂಗತಿಯೆಲ್ಲ ಇತ್ತು, ಹೆಸರು ಮಾತ್ರ ಇರಲಿಲ್ಲ. ‘ಒಬ್ಬ ಅಧಿಕಾರಿ’ ಎಂದಷ್ಟೇ ಬರೆದಿದ್ದಳು. ಈ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ನಾನು ಮೊದಲು ಓದುವುದು ಆ ಚೀಟಿಯನ್ನೇ.